ಹೊಟ್ಟೆಯಲ್ಲಿರುವಾಗಲೇ ಮಾತ್ರೆಗೆ ಒಗ್ಗಿದ ಮಗು: ಬಸಿರಿನಿಂದ ಶಾಲೆಯವರೆಗೆ ಏನು ಮಾಡಬೇಕು

ಮೂರನೇ ದಿನ ರಾತ್ರಿ ಮಗು ಅಳಲು ಶುರು ಮಾಡಿತು. ಹಸಿವಿನ ಅಳು ಯಾವುದು, ಹೊಟ್ಟೆನೋವಿನ ಅಳು ಯಾವುದು ಎಂದು ನನಗೆ ಗೊತ್ತು. ಇಬ್ಬರನ್ನು ಹೆತ್ತಿದ್ದೇನೆ, ಮೂವರ ಬಾಣಂತನ ಮಾಡಿದ್ದೇನೆ. ಇದು ಆ ಅಳು ಅಲ್ಲ. ಸ್ಟೀಲ್ ತಟ್ಟೆಯ ಮೇಲೆ ಚಮಚ ಎಳೆದಂತೆ ತೆಳ್ಳಗೆ, ಚೂಪಾಗಿ, ಬಿಡುವಿಲ್ಲದ ಕೂಗು. ಗಲ್ಲ ನಡುಗುತ್ತಿತ್ತು. ಮುಷ್ಟಿ ಬಿಗಿದಿತ್ತು. ಒಂದರ ಹಿಂದೆ ಒಂದು ಐದಾರು ಸೀನು. ಹಾಲಿಗಾಗಿ ಬಾಯಿ ಹುಡುಕುತ್ತದೆ, ಎದೆಗೆ ಹಿಡಿದರೆ ಚೀಪಲಾಗದೆ ಬಿಟ್ಟು ಮತ್ತೆ ಕಿರುಚುತ್ತದೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಪುಟ್ಟ ಮನೆಯಲ್ಲಿ ಎಲ್ಲರೂ ಎದ್ದು ಕೂತೆವು. ದೃಷ್ಟಿ ತೆಗೆದೆವು. ಬಜೆ ತೇಯ್ದು ನೆಕ್ಕಿಸೋಣ ಎಂದು ನಾನೇ ಕಲ್ಲು ತೆಗೆದಿಟ್ಟೆ.

ತಂಗಿಯ ಮಗಳು ಗೋಡೆಗೆ ಒರಗಿ ಕೂತಿದ್ದಳು. ನಾಲ್ಕು ಗಂಟೆಯ ಹೊತ್ತಿಗೆ ಮೆಲ್ಲಗೆ, "ದೊಡ್ಡಮ್ಮ, ನಾನು ಮಾತ್ರೆ ತಗೊಳ್ತಿದ್ದೆ" ಎಂದಳು.

ಅದಕ್ಕೆ ಎರಡು ವರ್ಷ ಮೊದಲು ಲೋಕಲ್ ರೈಲು ಇಳಿಯುವಾಗ ಬಿದ್ದು ಅವಳ ಸೊಂಟಕ್ಕೆ ಪೆಟ್ಟಾಗಿತ್ತು. ಆಗ ನೋವಿಗೆಂದು ಟ್ರಮಡಾಲ್ ಬರೆದುಕೊಟ್ಟಿದ್ದರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಬಸಿರಿನ ಉದ್ದಕ್ಕೂ ತೆಗೆದುಕೊಂಡಿದ್ದಳು. ಹೆರಿಗೆಯಾದ ನರ್ಸಿಂಗ್ ಹೋಮಿನಲ್ಲಿ ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ, ಎರಡನೇ ದಿನಕ್ಕೆ ಮನೆಗೆ ಕಳಿಸಿದರು. ಅವಳ ಬಾಯಿಂದ ಆ ಒಂದು ಮಾತು ಬಂದ ಮೇಲೆ ನಾವು ಟ್ಯಾಕ್ಸಿ ಹಿಡಿದು ಪಾಲಿಕೆಯ ದೊಡ್ಡ ಆಸ್ಪತ್ರೆಗೆ ಓಡಿದೆವು. ಆ ಮಗುವಿಗೆ ಈಗ ಏಳು ವರ್ಷ. ಎರಡನೇ ಕ್ಲಾಸು.

ಈ ಏಳು ವರ್ಷದಲ್ಲಿ ಡಾಕ್ಟರುಗಳಿಂದ, ಥೆರಪಿ ಮಾಡುವವರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂಬೈಯ ಕನ್ನಡದ ಮನೆಗಳಲ್ಲಿ ಇದು ಇಲ್ಲ ಎಂದುಕೊಳ್ಳಬೇಡಿ. ನಾನು ಈ ವಿಷಯ ಬಾಯಿಬಿಟ್ಟ ಮೇಲೆ ಪರಿಚಯದ ನಾಲ್ಕು ಮನೆಯವರು ಗುಟ್ಟಾಗಿ ಬಂದು ಕೇಳಿದ್ದಾರೆ. ಮಗುವಿಗೆ ಮಾತ್ರೆಯಿಂದ ಆಗುವ ಹಾನಿಗಿಂತ ನಾವು ಮುಚ್ಚಿಡುವುದರಿಂದ ಆಗುವ ಹಾನಿ ಜಾಸ್ತಿ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು: ಯಾವುದೆಲ್ಲ ಈ ಗುಂಪಿಗೆ ಸೇರುತ್ತದೆ

ಓಪಿಯಾಯ್ಡ್ ಎಂದರೆ ಅಫೀಮಿನಿಂದ ಬರುವ ಅಥವಾ ಅದರಂತೆ ಮೈಮೇಲೆ ಕೆಲಸ ಮಾಡುವ ಮದ್ದು. ಬ್ರೌನ್ ಶುಗರ್, ಹೆರಾಯಿನ್ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ನೋವಿನ ಮಾತ್ರೆಯಾದ ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಪೆಂಟಜೋಸಿನ್ ಇಂಜೆಕ್ಷನ್, ಮಾರ್ಫೀನ್ ಎಲ್ಲವೂ ಇದೇ ಸಾಲಿನವು. ಮೆಡಿಕಲ್ ಶಾಪಿನಿಂದ ಬಂದಿದೆ, ಹಾಗಾಗಿ ಇದು ನಶೆ ಅಲ್ಲ ಎಂದು ನಂಬುವವರು ಬಹಳ. ಟ್ರಮಡಾಲನ್ನು 2018ರಲ್ಲಿ ಸರಕಾರ ಮಾದಕವಸ್ತು ಕಾಯ್ದೆಯ ಕೆಳಗೆ ತಂದದ್ದು ಸುಮ್ನೆ ಅಲ್ಲ. 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎರಡು ಕೋಟಿಗೂ ಹೆಚ್ಚು ಜನ ಓಪಿಯಾಯ್ಡ್ ಬಳಸುತ್ತಾರೆ. ಅದರಲ್ಲಿ ಔಷಧಿ ರೂಪದ್ದನ್ನು ಬಳಸುವವರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ.

ತಾಯಿ ತೆಗೆದುಕೊಂಡದ್ದು ಹೊಕ್ಕುಳಬಳ್ಳಿಯ ದಾರಿಯಲ್ಲಿ ಮಗುವಿಗೂ ಹೋಗುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಮಗುವಿನ ಮೈ ಅದಕ್ಕೆ ಒಗ್ಗಿಬಿಡುತ್ತದೆ. ಹುಟ್ಟಿ ಬಳ್ಳಿ ಕತ್ತರಿಸಿದೊಡನೆ ಬರುವುದು ನಿಲ್ಲುತ್ತದೆ. ಆಗ ಮಗುವಿಗೆ ಆಗುವುದೇ ಆ ನಡುಕ, ಆ ಕಿರುಚಾಟ. ಇದನ್ನು ಚಟ ಎನ್ನಬೇಡಿ. ಮಗುವಿಗೆ ಚಟ ಎಂಬುದಿಲ್ಲ. ಮೈ ಒಗ್ಗಿತ್ತು, ಈಗ ಒಗ್ಗಿದ್ದು ಸಿಗುತ್ತಿಲ್ಲ, ಅಷ್ಟೆ.

ಬಸಿರಿನಲ್ಲಿ: ಒಮ್ಮೆಗೇ ನಿಲ್ಲಿಸಬೇಡಿ

ಮನೆಯವರಿಗೆ ಗೊತ್ತಾದ ದಿನ ಮೊದಲು ಆಗುವುದು ಇದು: ಮಾತ್ರೆ ಕಿತ್ತುಕೊಂಡು ಕಸಕ್ಕೆ ಹಾಕುತ್ತಾರೆ, ಹುಡುಗಿಯನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆಗೇ ನಿಂತರೆ ಬಸುರಿಗೆ ವಾಂತಿ, ಭೇದಿ, ಮೈಕೈ ನೋವು, ನಿದ್ದೆಯಿಲ್ಲದ ರಾತ್ರಿಗಳು ಶುರುವಾಗುತ್ತವೆ. ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆಯಾಗುತ್ತದೆ, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಇನ್ನೂ ದೊಡ್ಡ ಅಪಾಯ ಬೇರೆ ಇದೆ. ತಡೆಯಲಾರದೆ ಅವಳು ಮತ್ತೆ ಹಳೆಯ ಪ್ರಮಾಣದಲ್ಲಿ ತೆಗೆದುಕೊಂಡರೆ ಆಗ ಮೈ ತಡೆದುಕೊಳ್ಳದೆ ಜೀವಕ್ಕೇ ಕುತ್ತು ಬರಬಹುದು.

ಅದರ ಬದಲು ಡಾಕ್ಟರ ನಿಗಾದಲ್ಲಿ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಬದಲಿ ಮದ್ದು ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಕೊಟ್ಟ ಸಲಹೆಯೂ ಇದೇ. "ಒಂದು ಬಿಟ್ಟು ಇನ್ನೊಂದು ಹಿಡಿದಂತಾಯ್ತಲ್ಲ" ಎಂದು ನಾನೂ ವಾದ ಮಾಡಿದ್ದೆ. ಹಾಗಲ್ಲ. ಈ ಮದ್ದು ದಿನವಿಡೀ ಒಂದೇ ಮಟ್ಟದಲ್ಲಿ ಇರುತ್ತದೆ. ಅಮಲು ಏರುವುದೂ ಇಲ್ಲ, ಇಳಿದಾಗ ಮಗು ಒದ್ದಾಡುವುದೂ ಇಲ್ಲ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಬುಪ್ರೆನಾರ್ಫಿನ್ ತೆಗೆದುಕೊಂಡ ತಾಯಂದಿರ ಮಕ್ಕಳಿಗೆ, ಮೆಥಡೋನ್ ತೆಗೆದುಕೊಂಡವರ ಮಕ್ಕಳಿಗಿಂತ, ಹುಟ್ಟಿದ ಮೇಲಿನ ಸಂಕಟ ಇಳಿಸಲು ಕೊಡುವ ಮಾರ್ಫೀನ್ ಬಹಳ ಕಡಿಮೆ ಬೇಕಾಯಿತು. ಆಸ್ಪತ್ರೆಯಿಂದಲೂ ಬೇಗ ಮನೆಗೆ ಬಂದರು. ಯಾವುದು ಯಾರಿಗೆ ಸರಿ ಎಂಬುದನ್ನು ಡಾಕ್ಟರೇ ಹೇಳಬೇಕು.

ಎಲ್ಲಿಗೆ ಹೋಗುವುದು? ಪರೇಲಿನ ಕೆಇಎಂ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಚಟ ಬಿಡಿಸುವ ಕೇಂದ್ರವಿದೆ. ಅಲ್ಲಿಯೇ ಹೆರಿಗೆ ವಿಭಾಗವೂ ಇರುವುದರಿಂದ ಎರಡೂ ಕಡೆಯ ಡಾಕ್ಟರು ಒಬ್ಬರಿಗೊಬ್ಬರು ಮಾತಾಡಿಕೊಳ್ಳಬಹುದು. ಮೊದಲ ಮಾತಿಗೆ ಫೋನೇ ಸುಲಭ ಎನಿಸಿದರೆ 14446ಕ್ಕೆ ಮಾಡಿ. ಅದು ಸರಕಾರದ ಉಚಿತ ಸಹಾಯವಾಣಿ, ಹತ್ತಿರದ ಕೇಂದ್ರ ಯಾವುದು ಎಂದು ಹೇಳುತ್ತಾರೆ. ಮನಸ್ಸು ಕುಸಿದಿದ್ದರೆ 14416, ಟೆಲಿ-ಮಾನಸ್. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ನಮ್ಮ ಹುಡುಗಿ ಮೊದಲು ಮನಸ್ಸು ಬಿಚ್ಚಿದ್ದು ಕನ್ನಡದಲ್ಲೇ. ಹಿಂದಿ, ಮರಾಠಿ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅಳಲು ಕನ್ನಡವೇ ಬೇಕಾಯಿತು.

ಪೊಲೀಸರ ಭಯ ಬಹಳ ಜನರನ್ನು ತಡೆಯುತ್ತದೆ. ಮಾದಕವಸ್ತು ಕಾಯ್ದೆಯಲ್ಲಿ 64ಎ ಎಂಬ ಒಂದು ಕಲಮು ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣವಿದ್ದರೂ, ತಾನಾಗಿ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಹೋಗುವ ವ್ಯಸನಿಗೆ ಅದು ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು ಎಂಬುದಷ್ಟೇ ಷರತ್ತು.

ಇನ್ನೊಂದು ಮಾತು. ಬಾಡಿಗೆ ಚಾಳುಗಳಲ್ಲಿ ಹೆಂಗಸರು ಹಲ್ಲಿಗೆ ಮಶೇರಿ ತಿಕ್ಕುವುದನ್ನು ನೀವು ನೋಡಿರಬಹುದು. ಅದು ಸುಟ್ಟ ತಂಬಾಕು. ಬೀಡಿ, ಗುಟ್ಕಾ, ಮಶೇರಿ ಯಾವುದಿದ್ದರೂ ಮಗುವಿನ ತೂಕ ಕಡಿಮೆಯಾಗುತ್ತದೆ, ಹುಟ್ಟಿದ ಮೇಲಿನ ನಡುಕವೂ ಹೆಚ್ಚುತ್ತದೆ. ಕುಡಿತ ಇದ್ದರಂತೂ ಇನ್ನೂ ಕೆಟ್ಟದ್ದು. ಮಗುವಿನ ಮಿದುಳಿಗೆ ಓಪಿಯಾಯ್ಡಿಗಿಂತ ಹೆಂಡವೇ ಹೆಚ್ಚು ಕಾಯಂ ಏಟು ಕೊಡುತ್ತದೆ. ಡಾಕ್ಟರಿಗೆ ಹೇಳುವಾಗ ಇವೆಲ್ಲವನ್ನೂ ಹೇಳಿ.

ಹೆರಿಗೆಗೆ ಮೊದಲು ಆಸ್ಪತ್ರೆಯಲ್ಲಿ ಹೇಳಬೇಕಾದ ಮಾತು

ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಯನ್ನೇ ಆರಿಸಿ. ಕೆಇಎಂ, ಸಯಾನ್, ನಾಯರ್, ಪರೇಲಿನ ವಾಡಿಯಾ, ಇವೆಲ್ಲ ಅಂಥವು. ಮದ್ದಿನ ಹೆಸರು, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ ತೆಗೆದುಕೊಂಡದ್ದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೈಯಲ್ಲಿ ಕೊಡಿ. ಬಾಯಿಂದ ಹೇಳಲು ನಾಚಿಕೆಯಾದರೂ ಚೀಟಿಗೆ ನಾಚಿಕೆ ಇಲ್ಲ.

ಏಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ಎರಡು ಕಡೆ ಎಡವಬಹುದು. ಹೆರಿಗೆ ನೋವಿಗೆ ಪೆಂಟಜೋಸಿನ್‌ನಂಥ ಇಂಜೆಕ್ಷನ್ ಕೊಟ್ಟರೆ ತಾಯಿಗೆ ಆ ಕ್ಷಣವೇ ಮದ್ದು ನಿಂತ ಸಂಕಟ ಶುರುವಾಗಬಹುದು. ಹುಟ್ಟಿದ ಮಗು ಉಸಿರಾಟದಲ್ಲಿ ಮಂಕಾಗಿದೆ ಎಂದು ಓಪಿಯಾಯ್ಡಿನ ಪರಿಣಾಮ ಇಳಿಸುವ ನಲೊಕ್ಸೋನ್ ಕೊಟ್ಟರೆ ಫಿಟ್ಸ್ ಬರಬಹುದು. ದೊಡ್ಡವರ ಜೀವ ಉಳಿಸುವ ಅದೇ ಮದ್ದು ಇಂಥ ಮಗುವಿಗೆ ಅಪಾಯ.

ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿ. ಸೂಜಿ ಬಳಸಿದವರಾದರೆ ಇದನ್ನು ಬಿಡಲೇಬೇಡಿ. ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಬೇಕು, ಜೊತೆಗೆ ಇನ್ನೊಂದು ರಕ್ಷಣೆಯ ಇಂಜೆಕ್ಷನ್ನೂ ಬೇಕು.

ಬೇಗ ಡಿಸ್ಚಾರ್ಜ್ ಕೇಳಬೇಡಿ. ಹೆರಾಯಿನ್ ಆಗಿದ್ದರೆ ತೊಂದರೆ ಮೊದಲ 24 ಗಂಟೆಯಲ್ಲೇ ಕಾಣಬಹುದು. ಬುಪ್ರೆನಾರ್ಫಿನ್, ಮೆಥಡೋನ್ ಆದರೆ ಎರಡನೇ, ಮೂರನೇ ದಿನ, ಕೆಲವೊಮ್ಮೆ ಅದಕ್ಕೂ ತಡ. ಹಾಗಾಗಿ ಕಡಿಮೆ ಎಂದರೆ ಮೂರು ದಿನ, ಬದಲಿ ಮದ್ದಿನಲ್ಲಿರುವ ತಾಯಿಯ ಮಗುವನ್ನು ನಾಲ್ಕರಿಂದ ಏಳು ದಿನ ಆಸ್ಪತ್ರೆಯಲ್ಲೇ ಗಮನಿಸುತ್ತಾರೆ. ನಾವು ಎರಡನೇ ದಿನಕ್ಕೆ ಮನೆಗೆ ಬಂದದ್ದರ ಫಲ ಮೇಲೆ ಹೇಳಿದೆ.

ಮೊದಲ ವಾರ: ಮಗುವನ್ನು ಎತ್ತಿಕೊಳ್ಳುವುದೇ ಮೊದಲ ಮದ್ದು

ಓಪಿಯಾಯ್ಡಿಗೆ ಒಗ್ಗಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಈ ಲಕ್ಷಣಗಳು ಬರುತ್ತವೆ: ಚೂಪು ಅಳು, ನಡುಕ, ಮೈ ಬಿಗಿತ, ಆಕಳಿಕೆ, ಸೀನು, ಕಟ್ಟಿದ ಮೂಗು, ಬೆವರು, ಜ್ವರ, ನೀರು ಭೇದಿ, ವಾಂತಿ, ಹಾಲು ಚೀಪಲಾಗದಿರುವುದು. ಫಿಟ್ಸ್ ಬಂದರೆ, ಉಸಿರು ಎಳೆದುಕೊಂಡರೆ, ಹಾಲು ಪೂರ್ತಿ ಬಿಟ್ಟರೆ ಒಂದು ನಿಮಿಷವೂ ಕಾಯಬೇಡಿ. ಜ್ವರ, ಸುಸ್ತು ಸೋಂಕಿನಿಂದಲೂ ಬರುತ್ತದೆ. ಆದ್ದರಿಂದ "ಇದು ಆ ಮಾತ್ರೆಯದ್ದೇ" ಎಂದು ಮನೆಯಲ್ಲೇ ತೀರ್ಮಾನ ಮಾಡಬಾರದು.

ಆಸ್ಪತ್ರೆಯಲ್ಲಿ ಎರಡು ಬಗೆಯಲ್ಲಿ ನೋಡುತ್ತಾರೆ. ಒಂದು, 1970ರ ದಶಕದಲ್ಲಿ ಅಮೆರಿಕದ ಲೊರೆಟ್ಟಾ ಫಿನೆಗನ್ ಎಂಬ ಡಾಕ್ಟರು ಮಾಡಿದ ಅಂಕಪಟ್ಟಿ. ಕೆಲವು ಗಂಟೆಗೊಮ್ಮೆ ನಡುಕಕ್ಕೆ ಇಷ್ಟು, ಸೀನಿಗೆ ಇಷ್ಟು ಎಂದು ಅಂಕ ಹಾಕಿ, ಅದು ಏರಿದರೆ ಮಾರ್ಫೀನ್ ಹನಿ ಶುರು ಮಾಡುವುದು. ಇನ್ನೊಂದು ಈಚಿನ ದಾರಿ. ಅದರಲ್ಲಿ ಕೇಳುವುದು ಮೂರೇ ಪ್ರಶ್ನೆ: ಮಗು ಸಾಕಷ್ಟು ಹಾಲು ಕುಡಿಯುತ್ತಿದೆಯಾ? ಒಂದು ಗಂಟೆಯಾದರೂ ಒಟ್ಟಿಗೆ ಮಲಗುತ್ತಿದೆಯಾ? ಎತ್ತಿಕೊಂಡರೆ ಹತ್ತು ನಿಮಿಷದಲ್ಲಿ ಸಮಾಧಾನ ಆಗುತ್ತಿದೆಯಾ? ಇಷ್ಟು ಆಗುತ್ತಿದ್ದರೆ ಮದ್ದು ಬೇಡ, ತಾಯಿಯ ಆರೈಕೆ ಸಾಕು ಎನ್ನುವುದು. 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಈ ದಾರಿಯಲ್ಲಿ ನೋಡಿಕೊಂಡ ಮಕ್ಕಳು ಸುಮಾರು 8 ದಿನಕ್ಕೆ ಮನೆಗೆ ಹೋಗಲು ತಯಾರಾದರು, ಹಳೆಯ ದಾರಿಯವರಿಗೆ ಸುಮಾರು 15 ದಿನ ಬೇಕಾಯಿತು. ಮದ್ದು ಬೇಕಾದದ್ದು ನೂರಕ್ಕೆ ಇಪ್ಪತ್ತು ಮಕ್ಕಳಿಗೆ, ಹಳೆಯ ದಾರಿಯಲ್ಲಿ ಐವತ್ತೆರಡಕ್ಕೆ. ನಿಮ್ಮ ಆಸ್ಪತ್ರೆಯಲ್ಲಿ ಯಾವುದೇ ಪದ್ಧತಿ ಇರಲಿ, "ತಾಯಿ ಮಗುವಿನ ಜೊತೆಯೇ ಇರಬಹುದಾ?" ಎಂದು ಕೇಳಿ. ಮಾರ್ಫೀನ್ ಬೇಕಾಯಿತು ಎಂದರೆ ನೀವು ಸೋತಿರಿ ಎಂದಲ್ಲ. ನಮ್ಮ ಮಗುವಿಗೆ ಬೇಕಾಯಿತು. ಮೆಲ್ಲಮೆಲ್ಲಗೆ ಇಳಿಸಿ ನಿಲ್ಲಿಸಿದರು.

ಸಮಾಧಾನ ಮಾಡುವುದು ಹೇಗೆ ಎಂದು ವಾರ್ಡಿನ ಒಬ್ಬ ಸಿಸ್ಟರ್ ಕೈಹಿಡಿದು ಕಲಿಸಿದರು. ಮಗುವಿನ ಬಟ್ಟೆ ತೆಗೆದು ತಾಯಿಯ ಬರಿ ಎದೆಗೆ ಒರಗಿಸಿ ಮೇಲೆ ಸೀರೆ ಹೊದಿಸುವುದು ಮೊದಲನೆಯದು. ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು. ತಾಯಿಗೆ ದಣಿವಾದರೆ ಅಜ್ಜಿಯ ಎದೆಯೂ ಆಗುತ್ತದೆ, ಅಪ್ಪನ ಎದೆಯೂ ಆಗುತ್ತದೆ. ಮಗು ಬಿಗಿದುಕೊಂಡಾಗ ಕೈಕಾಲನ್ನು ಹೊಟ್ಟೆಯ ಕಡೆ ಮಡಚಿ, ಬೆನ್ನು ಸ್ವಲ್ಪ ಬಾಗಿಸಿ, ತೆಳು ಬಟ್ಟೆಯಲ್ಲಿ ಸುತ್ತಿ, ನಮ್ಮ ಮೈಗೆ ತಾಗಿಸಿ ಹಿಡಿಯಬೇಕು. ಆಮೇಲೆ ಅಕ್ಕಪಕ್ಕ ಜೋರಾಗಿ ಆಡಿಸದೆ ಮೇಲೆ ಕೆಳಗೆ ನಿಧಾನ, ಒಂದೇ ತಾಳದಲ್ಲಿ. ಮಗು ಅತ್ತಷ್ಟೂ ನಮ್ಮ ಕೈ ಬೇಗ ಬೇಗ ಆಡುತ್ತದೆ. ಅದನ್ನೇ ತಡೆದುಕೊಳ್ಳಬೇಕು. ಮಾತು, ಹಾಡು, ಬೆಳಕು, ತೂಗುವುದು ಎಲ್ಲವೂ ಒಟ್ಟಿಗೆ ಬೇಡ. ಇಂಥ ಮಗುವಿಗೆ ಒಂದು ಸಲಕ್ಕೆ ಒಂದೇ ಸಾಕು. ಎಲ್ಲವೂ ಒಟ್ಟಾದರೆ ಅದು ಕಣ್ಣು ತಿರುಗಿಸುತ್ತದೆ, ಬಿಕ್ಕುತ್ತದೆ. ಸಾಕು ಎಂದು ಹೇಳುವ ರೀತಿ ಅದು.

ಎದೆಹಾಲು ಕೊಡಬಹುದಾ

ತಾಯಿ ಬದಲಿ ಮದ್ದಿನಲ್ಲಿ ಸ್ಥಿರವಾಗಿದ್ದು, ಬೇರೆ ನಶೆ ಇಲ್ಲ ಎಂದಾದರೆ ಕೊಡಬಹುದು, ಕೊಡಲೇಬೇಕು. ಬುಪ್ರೆನಾರ್ಫಿನ್, ಮೆಥಡೋನ್ ಹಾಲಿಗೆ ಬಹಳ ಸ್ವಲ್ಪ ಇಳಿಯುತ್ತದೆ. ಎದೆಹಾಲು ಕುಡಿದ ಮಕ್ಕಳಿಗೆ ನಡುಕ ಕಡಿಮೆ, ಮದ್ದೂ ಕಡಿಮೆ ಬೇಕಾಗುತ್ತದೆ. ಹೆಪಟೈಟಿಸ್ ಸಿ ಇದ್ದರೂ ತೊಟ್ಟು ಒಡೆದು ರಕ್ತ ಬರದಿದ್ದರೆ ಅಡ್ಡಿಯಿಲ್ಲ. ಎಚ್‌ಐವಿ ಇದ್ದರೆ ಡಾಕ್ಟರ ಮಾತಿನಂತೆ ನಡೆಯಿರಿ.

ತಾಯಿ ಇನ್ನೂ ಹೆರಾಯಿನ್ ತೆಗೆದುಕೊಳ್ಳುತ್ತಿದ್ದರೆ, ಅಥವಾ ತನ್ನ ಮನಸ್ಸಿಗೆ ಬಂದಂತೆ ಟ್ರಮಡಾಲ್, ಕೊಡೀನ್ ನುಂಗುತ್ತಿದ್ದರೆ ಬೇಡ. ಮಗು ಅತಿಯಾಗಿ ಮಂಪರಿಗೆ ಹೋಗಿ ಉಸಿರಾಟ ನಿಧಾನವಾಗಬಹುದು. ಇಂಥ ಹೊತ್ತಿಗೆ ನೆನಪಿಡಬೇಕಾದ್ದು ಸಯಾನ್ ಆಸ್ಪತ್ರೆಯ ಎದೆಹಾಲಿನ ಬ್ಯಾಂಕ್. 1989ರಲ್ಲಿ ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದ ಅದು ಏಷ್ಯಾದಲ್ಲೇ ಮೊದಲನೆಯದು. ಆಸ್ಪತ್ರೆಯಲ್ಲಿರುವ ನವಜಾತ ಶಿಶುವಿಗೆ ಅಂಥ ಹಾಲು ಸಿಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ.

ಮನೆಗೆ ಬಂದ ಮೇಲೆ

ದೊಡ್ಡ ಲಕ್ಷಣಗಳು ಕೆಲವು ವಾರದಲ್ಲಿ ಇಳಿಯುತ್ತವೆ. ಆದರೆ ಕಿರಿಕಿರಿ, ತುಂಡು ನಿದ್ದೆ, ಹಾಲು ಕುಡಿಯುವಾಗಿನ ಗಲಾಟೆ ನಾಲ್ಕರಿಂದ ಆರು ತಿಂಗಳವರೆಗೆ ಎಳೆಯಬಹುದು. ಮನೆಯಲ್ಲಿ ಎಲ್ಲರಿಗೂ ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ ಎರಡನೇ ತಿಂಗಳಿಗೆ "ಇವಳು ಮತ್ತೆ ತಗೊಂಡಿದ್ದಾಳೆ, ಅದಕ್ಕೇ ಮಗು ಹೀಗೆ" ಎಂಬ ಅನುಮಾನ ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಶುರುವಾಗಿತ್ತು.

ಚಿಕ್ಕ ಮನೆ, ಕುಕ್ಕರ್ ಕೂಗು, ಟಿವಿ, ಹೊರಗೆ ರೈಲು. ಮುಂಬೈಯಲ್ಲಿ ಮೌನ ಎಲ್ಲಿಂದ ತರುವುದು? ನಾವು ಮಾಡಿದ್ದು ಇಷ್ಟು. ಮಗುವಿನ ಮೂಲೆಗೆ ಹಳೆಯ ಕಾಟನ್ ಸೀರೆ ಎರಡು ಪದರ ಮಾಡಿ ಪರದೆ ಕಟ್ಟಿದೆವು. ಟ್ಯೂಬ್‌ಲೈಟ್ ಬದಲು ಸಣ್ಣ ಬಲ್ಬು. ನೋಡಲು ಬರುವವರಿಗೆ ಒಂದು ತಿಂಗಳು ಬಾಗಿಲಲ್ಲೇ ಚಹಾ. ಹಾಲು ಸ್ವಲ್ಪ ಸ್ವಲ್ಪ, ಅಡಿಗಡಿಗೆ, ನಡುವೆ ತೇಗಿಸಿ. ಸದಾ ನಡುಗುವ, ಬೆವರುವ ಮಗುವಿಗೆ ಉಳಿದ ಮಕ್ಕಳಿಗಿಂತ ಹೆಚ್ಚು ಆಹಾರ ಬೇಕು. ಆದ್ದರಿಂದ ಪ್ರತಿ ವಾರ ತೂಕ ನೋಡಿಸಿ. ಭೇದಿಯಿಂದ ಅಂಡು ಕೆಂಪಾಗಿ ಹುಣ್ಣಾಗುತ್ತದೆ. ಪ್ರತಿ ಸಲ ಬರಿ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಡಾಕ್ಟರು ಕೊಟ್ಟ ಝಿಂಕ್ ಕ್ರೀಮು ದಪ್ಪಗೆ ಹಚ್ಚಿ.

ಸೀರೆಯ ಜೋಲಿಯಲ್ಲಿ ತೂಗಿದರೆ ಮಗು ಶಾಂತವಾಗುತ್ತದೆ, ನಿಜ. ಆದರೆ ನಿದ್ದೆ ಹತ್ತಿದ ಮೇಲೆ ತೆಗೆದು ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ದಿಂಬು ಬೇಡ, ದಪ್ಪ ಹೊದಿಕೆ ಬೇಡ. ಇಂಥ ಮಕ್ಕಳಲ್ಲಿ ನಿದ್ದೆಯಲ್ಲೇ ಉಸಿರು ನಿಲ್ಲುವ ಅಪಾಯ ಉಳಿದವರಿಗಿಂತ ಹೆಚ್ಚು. ಮಂಪರು ಬರಿಸುವ ಮದ್ದು ತೆಗೆದುಕೊಂಡವರು ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರು ಕೆಳಗಿಳಿದು ಹೋಗಿ ಸೇದಲಿ.

ಬಜೆ, ಗುಟ್ಟಿ (ಮಗುವಿಗೆ ತೇಯ್ದು ಕುಡಿಸುವ ಮನೆಮದ್ದು), ನಿದ್ದೆ ಬರಿಸುವ ಹನಿ ಯಾವುದನ್ನೂ ಕೊಡಬೇಡಿ. ಹಿಂದೆ ಮುಂಬೈಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನಲ್ಲಿ ಮಿಲ್ಲಿಗೆ ಹೋಗುವ ತಾಯಂದಿರು ಮಕ್ಕಳು ಮಲಗಿರಲಿ ಎಂದು ಅಫೀಮು ಬೆರೆತ ಬಾಲಗೋಲಿ ಕೊಡುತ್ತಿದ್ದರು. ಅವರ ಸಂಕಟ ಅವರಿಗೆ. ಆದರೆ ಊರಿಂದ ಬಂದ ಹಿರಿಯರು ಯಾರಾದರೂ "ಒಂದು ಚೂರು ನೆಕ್ಕಿಸು, ತಣ್ಣಗೆ ಮಲಗ್ತದೆ" ಎಂದು ಪುಡಿ, ಗುಳಿಗೆ ತೆಗೆದರೆ ನಮಸ್ಕಾರ ಮಾಡಿ ಬೇಡ ಎನ್ನಿ. ದೃಷ್ಟಿ ತೆಗೆಯುವುದಾದರೆ ತೆಗೆಯಲಿ. ಅದರಿಂದ ಮಗುವಿನ ಹೊಟ್ಟೆಗೇನೂ ಹೋಗುವುದಿಲ್ಲ.

ಅತ್ತು ಅತ್ತು ರೇಗಿಸುವ ರಾತ್ರಿಗಳು ಬರುತ್ತವೆ. ಕೈ ಮೇಲೇಳುವಂತಾದರೆ ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಬಾಲ್ಕನಿಗೆ ಹೋಗಿ ಹತ್ತು ನಿಮಿಷ ನಿಲ್ಲಿ. ಮಗುವನ್ನು ಎಂದೂ ಕುಲುಕಬೇಡಿ. ಮಿದುಳಲ್ಲಿ ರಕ್ತನಾಳ ಒಡೆಯಬಹುದು.

ಮುಂದೆ ಮಗು ಹೇಗಾಗುತ್ತದೆ

ಎಲ್ಲರೂ ಕೇಳುವುದು ಇದೇ. "ಬುದ್ಧಿ ಸರಿ ಇರ್ತದಾ?" ಎಂದು ನಮ್ಮ ಹುಡುಗಿಯ ಅತ್ತೆ ಮೊದಲ ದಿನವೇ ಕೇಳಿದ್ದರು.

ಗುಂಪಾಗಿ ನೋಡಿದಾಗ ಇಂಥ ಮಕ್ಕಳು ಚಲನೆಯಲ್ಲಿ, ಮಾತಿನಲ್ಲಿ, ಕಲಿಕೆಯಲ್ಲಿ ಸ್ವಲ್ಪ ಹಿಂದೆ ಇರುತ್ತಾರೆ. ತೂಕ, ತಲೆಯ ಸುತ್ತಳತೆ ಹುಟ್ಟುವಾಗ ಕಡಿಮೆ ಇರಬಹುದು. ಒಂದು ಕಡೆ ಗಮನ ನಿಲ್ಲದಿರುವುದು, ಚಡಪಡಿಕೆ, ಸಿಟ್ಟನ್ನು ತಡೆದುಕೊಳ್ಳಲಾಗದಿರುವುದು ಶಾಲೆಯ ವಯಸ್ಸಿನಲ್ಲಿ ಹೆಚ್ಚು ಕಾಣುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಶಾಲಾ ಪರೀಕ್ಷೆಗಳನ್ನು ನೋಡಿದ 2017ರ ಅಧ್ಯಯನವೊಂದರಲ್ಲಿ, ಹುಟ್ಟಿದಾಗ ಈ ಲಕ್ಷಣವಿದ್ದ ಮಕ್ಕಳ ಏಳನೇ ತರಗತಿಯ ಅಂಕ ಉಳಿದ ಮಕ್ಕಳ ಐದನೇ ತರಗತಿಯ ಅಂಕಕ್ಕಿಂತ ಕಡಿಮೆ ಇತ್ತು. ಇದನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ತಂದೆತಾಯಿ ಹೆಚ್ಚು ಓದಿದ ಮನೆಗಳಲ್ಲಿ ಹಿಂದೆ ಬೀಳುವ ಅಪಾಯ ಕಡಿಮೆ ಇತ್ತು.

ಎಂದರೆ ಮನೆಯೂ ಲೆಕ್ಕಕ್ಕೆ ಬರುತ್ತದೆ. ಜೆರುಸಲೇಮ್‌ನಲ್ಲಿ ಆಶರ್ ಓರ್ನೋಯ್ ಮತ್ತು ಸಂಗಡಿಗರು ಹೆರಾಯಿನ್ ಚಟವಿದ್ದ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಎಳವೆಯಲ್ಲೇ ದತ್ತು ಹೋಗಿ ನೆಮ್ಮದಿಯ ಮನೆಯಲ್ಲಿ ಬೆಳೆದವರ ಬುದ್ಧಿಮಟ್ಟ ಬಹುತೇಕ ಉಳಿದ ಮಕ್ಕಳಂತೆಯೇ ಇತ್ತು. ಗಮನದ ತೊಂದರೆ ಮಾತ್ರ ಅವರಲ್ಲೂ ಹೆಚ್ಚು. ಇದನ್ನು ಓದಿ ಮಗುವನ್ನು ತಾಯಿಯಿಂದ ಕಿತ್ತುಕೊಳ್ಳಬೇಕು ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ತಾಯಿ ಚಿಕಿತ್ಸೆಯಲ್ಲಿದ್ದು, ಮನೆಯಲ್ಲಿ ಜಗಳವಿಲ್ಲದೆ, ಹೊತ್ತಿಗೆ ಊಟ, ಕೂತು ಮಾತಾಡಿಸುವವರು ಇದ್ದರೆ ಅದೇ ನೆಮ್ಮದಿಯ ಮನೆ. ಎಷ್ಟೋ ಹಾನಿ ಮಾತ್ರೆಯದ್ದೋ, ತಂಬಾಕಿನದ್ದೋ, ಹಸಿವಿನದ್ದೋ, ಹೊಡೆತ ಬಡಿತದ್ದೋ ಎಂದು ಸಂಶೋಧಕರಿಗೂ ಬಿಡಿಸಿ ಹೇಳುವುದು ಕಷ್ಟ.

ಯಾವಾಗ ಏನು ನೋಡಿಸಬೇಕು

ಕಣ್ಣು ಮರೆಯಬೇಡಿ. ಮೆಳ್ಳಗಣ್ಣು, ಕಣ್ಣುಗುಡ್ಡೆ ತಾನಾಗಿ ಅಲ್ಲಾಡುವುದು, ಮಂದ ದೃಷ್ಟಿ ಈ ಮಕ್ಕಳಲ್ಲಿ ಜಾಸ್ತಿ. ಆರು ತಿಂಗಳೊಳಗೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ನಮ್ಮವನಿಗೆ ಎಡಗಣ್ಣು ಒಳಗೆ ಸರಿಯುತ್ತಿತ್ತು. "ಮೆಳ್ಳಗಣ್ಣು ಅದೃಷ್ಟ" ಎಂದರು ಪಕ್ಕದ ಮನೆಯವರು. ಬಲಗಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಎಂದು ಪಟ್ಟಿ ಕಟ್ಟಿಸಿ, ಈಗ ಕನ್ನಡಕ ಹಾಕಿ ಬಹಳ ಸರಿಯಾಗಿದೆ. ಬಿಟ್ಟಿದ್ದರೆ ಆ ಕಣ್ಣು ನೋಡುವುದನ್ನೇ ಮರೆಯುತ್ತಿತ್ತು.

ಹುಟ್ಟಿದಾಗಲೇ ಕಿವಿ ಪರೀಕ್ಷೆ ಮಾಡಿಸಿ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಇದೆ. ಮಾತು ಮತ್ತು ಕಿವಿಯ ತೊಂದರೆಗೆ ಕೇಂದ್ರ ಸರಕಾರ ನಡೆಸುವ ಜಾಗ. ತಾಯಿಗೆ ಎಚ್‌ಐವಿ ಇದ್ದರೆ ಮಗುವಿನ ರಕ್ತ ಆರು ವಾರಕ್ಕೆ ಮೊದಲ ಸಲ, 18 ತಿಂಗಳಿಗೆ ಕೊನೆಯ ಸಲ. ಹೆಪಟೈಟಿಸ್ ಸಿ ಇದ್ದರೆ 18 ತಿಂಗಳ ಹೊತ್ತಿಗೆ ಪರೀಕ್ಷೆ ಬೇಕು.

ಇನ್ನು ಬೆಳವಣಿಗೆ. ಎರಡು ತಿಂಗಳಿಗೆ ಮುಖ ನೋಡಿ ನಗು. ನಾಲ್ಕಕ್ಕೆ ಕುತ್ತಿಗೆ ನಿಲ್ಲಬೇಕು. ಒಂಬತ್ತಕ್ಕೆ ಆಧಾರವಿಲ್ಲದೆ ಕೂರಬೇಕು. ಒಂದೂವರೆ ವರ್ಷಕ್ಕೆ ನಡಿಗೆ, ಎರಡಕ್ಕೆ "ಅಮ್ಮ ಬಾ" ಎಂಬಂಥ ಎರಡು ಮಾತಿನ ಜೋಡಣೆ. ದಿನ ತುಂಬದೆ ಹುಟ್ಟಿದ್ದರೆ ಎಷ್ಟು ವಾರ ಮೊದಲು ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕಿ. ಇವುಗಳಲ್ಲಿ ಒಂದು ತಪ್ಪಿದರೂ, ಬಂದಿದ್ದ ಮಾತು ಹೋದರೂ, "ಗಂಡು ಮಕ್ಕಳು ತಡ" ಎಂದು ಕೂರಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ. ಜಿಲ್ಲಾ ಮಟ್ಟದಲ್ಲಿ ಇದಕ್ಕೆಂದೇ ಕೇಂದ್ರಗಳಿವೆ, ಅಂಗನವಾಡಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಮುಂಬೈಯಲ್ಲಿ 2001ರಿಂದ ಇರುವ ಉಮೀದ್ ಮಕ್ಕಳ ಬೆಳವಣಿಗೆ ಕೇಂದ್ರವೂ ಇಂಥ ಕೆಲಸ ಮಾಡುತ್ತದೆ.

ಒಂದು ಕಡೆ ನಮಗೆ "ಮನೆಯಲ್ಲಿ ಕನ್ನಡ, ಕೆಳಗೆ ಮರಾಠಿ, ಟಿವಿಯಲ್ಲಿ ಹಿಂದಿ, ಅದಕ್ಕೇ ಮಾತು ತಡ, ಕನ್ನಡ ಬಿಡಿ" ಎಂದರು. ನಾವು ಒಂದು ತಿಂಗಳು ಬಿಟ್ಟೆವು. ಮನೆ ಮೂಕವಾಯಿತು. ನನಗೆ ಬರುವ ಹಿಂದಿಯಲ್ಲಿ "ಇಧರ್ ಆ, ಉಧರ್ ಮತ್ ಜಾ" ಬಿಟ್ಟು ಇನ್ನೇನಿದೆ? ಆಮೇಲೆ ಸಿಕ್ಕ ಸ್ಪೀಚ್ ಥೆರಪಿಯವರು ನಕ್ಕು, "ಅಜ್ಜಿ, ನಿಮಗೆ ಯಾವ ಭಾಷೆಯಲ್ಲಿ ಕಥೆ ಹೇಳಲು ಬರುತ್ತದೋ ಅದರಲ್ಲೇ ಮಾತಾಡಿ" ಎಂದರು. ಎರಡು ಮೂರು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಅಕ್ಕಿ ಆರಿಸುತ್ತ, ಬಟ್ಟೆ ಮಡಚುತ್ತ, ಬಂಗುಡೆ ತೊಳೆಯುತ್ತ ನಾನು ಮಾಡುವುದನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದೆ. ಎರಡೂಕಾಲು ವರ್ಷಕ್ಕೆ ಅವನು ಕಟ್ಟಿದ ಮೊದಲ ವಾಕ್ಯ, "ಅಜ್ಜಿ, ಮೀನು ಕಣ್ಣು ಬಿಟ್ಟಿದೆ."

ಶಾಲೆಯಲ್ಲಿ

ನಮ್ಮವನು ಬೆಂಚಿನ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. ಟೀಚರಿಗೆ ಇಷ್ಟು ಕೇಳಿಕೊಂಡೆವು: ಮೊದಲ ಸಾಲಿನಲ್ಲಿ ಕೂರಿಸಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ನಡುನಡುವೆ ಡಸ್ಟರ್ ತರಲು, ಬೋರ್ಡ್ ಒರೆಸಲು ಎಬ್ಬಿಸಿ. ಇದು ಫಲ ಕೊಟ್ಟಿದೆ. ಮಾತ್ರೆಯ ಕಥೆ ಶಾಲೆಗೆ ಹೇಳಬೇಕಾಗಿಲ್ಲ. ಡಾಕ್ಟರಿಂದ ಮುಚ್ಚಿಡಬಾರದು. ಶಾಲೆಗೆ ಮಗುವಿಗೆ ಈಗ ಏನು ಬೇಕು ಎಂಬುದಷ್ಟೇ ಸಾಕು. ಓದು ಬರಹದಲ್ಲಿ ಬಹಳ ಹಿಂದೆ ಬಿದ್ದರೆ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಕಲಿಕೆಯ ತೊಂದರೆಯ ತಪಾಸಣೆ ಆಗುತ್ತದೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಇದು ಸೇರಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬೇರೆ ರಿಯಾಯಿತಿ ಸಿಗುತ್ತವೆ.

ತಾಯಿಯನ್ನು ಬಿಡಬೇಡಿ

ಮಗು ಬಂದ ಮೇಲೆ ಎಲ್ಲರ ಕಣ್ಣು ಮಗುವಿನ ಮೇಲೆ. ತಾಯಿ ಮೂಲೆಗೆ ಸರಿಯುತ್ತಾಳೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಕ ನೋಡಿದರೆ ಮದ್ದು ಮಿತಿಮೀರುವ ಅಪಾಯ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಎಲ್ಲಕ್ಕಿಂತ ಕಡಿಮೆ, ಹೆರಿಗೆಯಾದ ಏಳರಿಂದ ಹನ್ನೆರಡು ತಿಂಗಳಲ್ಲಿ ಎಲ್ಲಕ್ಕಿಂತ ಜಾಸ್ತಿ. ಬಂಧು ಬಳಗ ಬಂದು ಹೋಗಿ ಮುಗಿದಿರುತ್ತದೆ, ನಿದ್ದೆ ಇರುವುದಿಲ್ಲ, ಮಾತು ಕೇಳುವವರು ಇರುವುದಿಲ್ಲ. ಹಾಗಾಗಿ ಬದಲಿ ಮದ್ದನ್ನು "ಈಗ ಹೆರಿಗೆ ಆಯ್ತಲ್ಲ" ಎಂದು ನಿಲ್ಲಿಸಬೇಡಿ. ಮದ್ದನ್ನು ಮಗುವಿನ ಕೈಗೆ ಸಿಗದಂತೆ ಬೀಗ ಹಾಕಿಡಿ. ಆಸ್ಪತ್ರೆಗೆ ಹೋಗುವ ದಿನ ಮಗುವನ್ನು ನೀವು ನೋಡಿಕೊಳ್ಳಿ. ತಾಯಿಗೆ ಸಾಧ್ಯವೇ ಇಲ್ಲದಾಗ ಮನೆಯ ಹಿರಿಯರೇ ಮಗುವನ್ನು ಸಾಕುವುದಾದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕಾಗದ ಪತ್ರದ ಬಗ್ಗೆ ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ.

ನಮ್ಮ ಹುಡುಗಿ ಎರಡು ಸಲ ಜಾರಿದಳು. ಎರಡು ಸಲವೂ ಅವಳೇ ಬಂದು ಹೇಳಿದಳು. ಮೊದಲ ಸಲ ನಾನು ಕೂಗಾಡಿದೆ, ಅದಕ್ಕೆ ಇವತ್ತಿಗೂ ನೊಂದುಕೊಳ್ಳುತ್ತೇನೆ. ಎರಡನೇ ಸಲ ಗಂಜಿ ಬಡಿಸಿದೆ, ಉಣ್ಣಿಸಿದೆ, ಮರುದಿನ ಬೆಳಿಗ್ಗೆ ಇಬ್ಬರೂ ಲೇಡೀಸ್ ಡಬ್ಬಿ ಹತ್ತಿ ಪರೇಲಿಗೆ ಹೋದೆವು. ನಾಲ್ಕು ವರ್ಷವಾಯಿತು, ಸರಿಯಾಗಿದ್ದಾಳೆ.

ಕೊನೆಯದಾಗಿ ಒಂದು ಫೈಲು ಮಾಡಿಡಿ. ಡಿಸ್ಚಾರ್ಜ್ ಕಾರ್ಡು, ಲಸಿಕೆ ಪುಸ್ತಕ, ತೂಕ ಮತ್ತು ತಲೆಯ ಸುತ್ತಳತೆಯ ಪಟ್ಟಿ, ಕಣ್ಣು ಕಿವಿಯ ರಿಪೋರ್ಟು, ರಕ್ತದ ರಿಪೋರ್ಟು, ಥೆರಪಿಯವರ ಚೀಟಿ. ಎಲ್ಲಕ್ಕಿಂತ ಮೇಲೆ ಒಂದು ಹಾಳೆ, ಅದರಲ್ಲಿ ಬಸಿರಿನಲ್ಲಿ ತಾಯಿ ತೆಗೆದುಕೊಂಡ ಮದ್ದಿನ ಹೆಸರು, ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಹೊಸ ಡಾಕ್ಟರ ಹತ್ತಿರ ಹೋದಾಗ ನಮ್ಮ ಹುಡುಗಿ ಆ ಹಾಳೆಯನ್ನೇ ಮೊದಲು ತೆಗೆದು ಮೇಜಿನ ಮೇಲಿಡುತ್ತಾಳೆ.